ಐವತ್ತೈದು ಕಿಲೋ ತೂಗುವ ಡ್ರೈವರ್

“ಎಡಗಾಲು ಬ್ರೇಕಿನ ಮೇಲೆ, ಬಲಗಾಲು ಆಕ್ಸಿಲರೇಟರ್ ಮೇಲೆ.”

ಆ ಸಾಲನ್ನು ಎರಡನೇ ಸಲ ಗಟ್ಟಿಯಾಗಿ ಓದಿ, ಕಾಗದವನ್ನು ಮೇಜಿನ ಮೇಲೆ ಶಿವಪ್ರಕಾಶರ ಕಡೆಗೆ ತಿರುಗಿಸಿಟ್ಟೆ.

“ನಿತೇಶ್ ಅವರ ಎಡಗಾಲು ಮಡಚೋಕೆ ಬರ್ತಿತ್ತಾ?”

“ಎಲ್ಲಿ ಬರುತ್ತೆ ಮೇಡಂ? ಜೀಪು ಮಗುಚಿದ್ಮೇಲೆ ಆ ಮಂಡಿ ಹಲಗೆ ಆಗೋಗಿತ್ತು. ಕ್ಲಚ್ ತುಳಿಯೋಕೆ ಆಗಲ್ಲ ಅಂತಾನೇ ಅಲ್ವಾ ಆಟೋಮ್ಯಾಟಿಕ್ ಕಾರು ತಗೊಂಡು, ಎಂಜಿನ್ ಎಲ್ಲ ಬಿಚ್ಚಿಸಿ, ರೇಸಿಗೆ ರೆಡಿ ಮಾಡಿಸಿದ್ದು?”

“ಆ ಕಾಲಲ್ಲಿ ಬ್ರೇಕ್ ತುಳಿಯೋಕೂ ಆಗ್ತಿರಲಿಲ್ಲ.”

“ಆಗ್ತಿರಲಿಲ್ಲ.”

“ಹಾಗಾದರೆ ‘ಎಡಗಾಲು ಬ್ರೇಕಿನ ಮೇಲೆ’ ಅಂತ ಬರೆದು ಕೊಯಮತ್ತೂರಿಗೆ ಕಳಿಸಿದವರು ಯಾರು?”

“ಕಾಳಿ. ಇನ್ಯಾರು ಕಳಿಸ್ತಾರೆ? ಗೇರ್‌ಬಾಕ್ಸ್ ಡಾಕ್ಟರ್ ಅವನೇ ತಾನೆ?”

ಪ್ರಶ್ನೆ ಮುಗಿಯುವ ಮೊದಲೇ ಬಾಯಲ್ಲಿ ಸಿದ್ಧವಾಗಿರುವ ಉತ್ತರ ನನಗೆ ಎಂದೂ ಹಿಡಿಸಿಲ್ಲ. ಹನ್ನೆರಡು ದಿನದ ಹಿಂದಿನ ಭಾನುವಾರ, ಬಿಟ್ಟಂಗಾಲದ ಕೊಯ್ಲಾದ ಗದ್ದೆಯಲ್ಲಿ ಪ್ರಾಕ್ಟೀಸಿಗೆ ಇಳಿಸಿದ ಕಾರು ಏರಿ ದಾಟಿ ಕೆರೆಗೆ ಬಿದ್ದು ನಿತೇಶ್ ಸತ್ತಿದ್ದರು. ಅದರ ಗೇರ್‌ಬಾಕ್ಸ್ ಕೆಲಸ ಮಾಡಿದ್ದ ಸಿದ್ದಾಪುರದ ಮೆಕ್ಯಾನಿಕ್ ಕಾಳಿ ಮಡಿಕೇರಿಯ ಜೈಲಿನಲ್ಲಿದ್ದ. ಕಾರು ನೆಗೆದದ್ದನ್ನು ಕಂಡ ಒಬ್ಬನೇ ಸಾಕ್ಷಿ, ಆ ಕಾರಿನ ಅರ್ಧ ಪಾಲುದಾರ, ನನ್ನೆದುರು ಕೂತು ಕಾಫಿ ಆರಿಸಿಕೊಳ್ಳುತ್ತಿದ್ದ ಈ ಶಿವಪ್ರಕಾಶ್.

ನಾನು ಪೊಲೀಸಲ್ಲ. ಅಪಘಾತವಾದ ಗಾಡಿಗಳ ಅಡಿಗೆ ನುಗ್ಗಿ, ಏನು ಮುರಿದಿದೆ, ಯಾಕೆ ಮುರಿಯಿತು ಎಂದು ವರದಿ ಬರೆಯುವ ಸರ್ವೇಯರ್. ಕುಶಾಲನಗರದ ರಂಜಿತಾ ಎಂದರೆ ಗ್ಯಾರೇಜಿನವರಿಗೆ ಗೊತ್ತು. ಬೆನ್ನ ಹಿಂದೆ ಅವರು ನನಗಿಟ್ಟಿರುವ ಹೆಸರು ಬೇರೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕಾಳಿಯ ವಕೀಲರು ನನ್ನ ವರದಿ ಕೇಳಿದ್ದರು. ಸಂಜೆ ಐದರೊಳಗೆ ಅದು ಅವರ ಕೈಗೆ ಸೇರಬೇಕು, ಯಾಕೆಂದರೆ ಮರುದಿನ ಬೆಳಿಗ್ಗೆ ಜಾಮೀನು ಅರ್ಜಿ ಕೋರ್ಟಿಗೆ ಬರುತ್ತಿತ್ತು.

ಆಗಲೇ ಹನ್ನೊಂದೂವರೆ.

ಕಿಟಕಿಯಾಚೆ ಸುಂಟಿಕೊಪ್ಪದ ಆ ದೊಡ್ಡ ಕಾಫಿ ಕಣ ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು. ಹರಡಿದ ಹಣ್ಣು ಅರ್ಧ ಒಣಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಆಫೀಸಿನ ಜಗಲಿಯ ಮೇಲೆ, ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಪಕ್ಕದ ಬೆಂಚಿನಲ್ಲಿ ಕಾಳಿಯ ಹೆಂಡತಿ ಚಿನ್ನ ಕೂತಿದ್ದಳು. ಬೆಳಿಗ್ಗೆ ಸಿದ್ದಾಪುರದಿಂದ ನನ್ನ ಜೊತೆ ಬಂದವಳು ದಾರಿಯುದ್ದಕ್ಕೂ ನಾಲ್ಕು ಮಾತಾಡಿದ್ದರೆ ಹೆಚ್ಚು. ಒಳಗೆ ಬಾ ಎಂದರೆ ಬಂದಿರಲಿಲ್ಲ. ಆದರೆ ಒಳಗಿನ ಮಾತು ಅವಳಿಗೆ ಕೇಳುತ್ತಿತ್ತು.

“ನೋಡಿ ಮೇಡಂ,” ಎಂದರು ಶಿವಪ್ರಕಾಶ್, ಲೋಟ ಕೆಳಗಿಟ್ಟು. “ನಾನು ಕಾಫಿ ವ್ಯಾಪಾರಿ. ಈ ಕನ್ವರ್ಟರ್ ಗಿನ್ವರ್ಟರ್ ಎಲ್ಲ ನಂಗೆ ಗೊತ್ತಾಗಲ್ಲ. ನಿತೇಶ್ ಹತ್ತಿ ಕೂತ. ತುಳಿದ. ಗಾಡಿ ಅಲುಗಲಿಲ್ಲ. ಜಾಸ್ತಿ ತುಳಿದ. ಎಗರಿಬಿಡ್ತು. ನಾನು ಕಂಡದ್ದು ಇಷ್ಟೇ, ಸ್ಟೇಷನ್ನಲ್ಲೂ ಇದನ್ನೇ ಬರೆಸಿದ್ದೀನಿ. ಯಾವ ಪಾರ್ಟು ಹಾಕಬೇಕು ಅಂತ ಆರಿಸೋದು ಮೆಕ್ಯಾನಿಕ್ ಕೆಲಸ. ತಪ್ಪು ಆರಿಸಿದ. ಒಂದು ಜೀವ ಹೋಯ್ತು.”

ಇನ್ಸ್‌ಪೆಕ್ಟರ್ ಇದನ್ನೇ ಬರೆದುಕೊಂಡಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯ ಮನುಷ್ಯ. ಆದರೂ ಒಂದು ಮಾತನ್ನು ನಾನು ಒಪ್ಪಬೇಕಿತ್ತು: ಪಾರ್ಟಿನ ಆಯ್ಕೆ ಜೀವ ತೆಗೆಯಬಲ್ಲದು.

ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಇರುವುದಿಲ್ಲ, ಟಾರ್ಕ್ ಕನ್ವರ್ಟರ್ ಇರುತ್ತದೆ. ಎರಡು ಬಟ್ಟಲು ಬಾಯಿಗೆ ಬಾಯಿ ಕೊಟ್ಟು ಕೂತಂತೆ, ಒಳಗೆ ರೆಕ್ಕೆಗಳು, ತುಂಬ ಎಣ್ಣೆ. ಎಂಜಿನ್ ಒಂದು ಬಟ್ಟಲನ್ನು ತಿರುಗಿಸಿ ಎಣ್ಣೆಯನ್ನು ಎರಚುತ್ತದೆ, ಆ ಎಣ್ಣೆಯ ಹೊಡೆತಕ್ಕೆ ಇನ್ನೊಂದು ಬಟ್ಟಲು ತಿರುಗಿ ಗಾಡಿ ಹೊರಡುತ್ತದೆ. ಗಾಡಿಯನ್ನು ಬ್ರೇಕಿನಲ್ಲಿ ಬಿಗಿಹಿಡಿದು ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ ಏರಿ ನಿಲ್ಲುತ್ತದೋ ಅದು ಆ ಕನ್ವರ್ಟರಿನ ಸ್ಟಾಲ್ ಸ್ಪೀಡ್.

ಮನೆ ಬಳಕೆಯ ಕಾರಿಗೆ ಇದು ಕಡಿಮೆ ಇರುತ್ತದೆ. ಬ್ರೇಕ್ ಬಿಟ್ಟರೆ ಸಾಕು, ಗಾಡಿ ತಾನಾಗಿ ತೆವಳುತ್ತದೆ. ಆದರೆ ಈ ಕಾರಿನ ಎಂಜಿನ್ನಿಗೆ, ಅದರ ಕವಾಟಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟನ್ನು ಹೊಸದು ಹಾಕಿದ್ದರು. ಮೂರು ಸಾವಿರ ಸುತ್ತು ದಾಟುವವರೆಗೆ ಅದು ಅರೆನಿದ್ದೆಯಲ್ಲಿ ಇರುತ್ತದೆ, ದಾಟಿದ ಮೇಲೆ ರಾಕ್ಷಸ. ಅಂಥ ಎಂಜಿನ್ನಿಗೆ ಸ್ಟಾಲ್ ಕೂಡ ಅಲ್ಲಿಗೇ ಹೊಂದಬೇಕು. ಇಲ್ಲದಿದ್ದರೆ ರೇಸು ಶುರುವಾಗುವ ಗೆರೆಯ ಮೇಲೆ ನಿಂತ ಕಾರು ಎಮ್ಮೆಯ ಹಾಗೆ ಎದ್ದು ನಡೆಯುತ್ತದೆ.

ಕನ್ವರ್ಟರ್ ಮಾಡಿಕೊಡುವ ಕೊಯಮತ್ತೂರಿನ ಅಂಗಡಿಯವರು ಮೂರು ಸಾವಿರದ ಇನ್ನೂರರ ಸ್ಟಾಲ್ ಕೊಟ್ಟಿದ್ದರು. ಎಂಜಿನ್ನಿಗೆ ಅದು ಸರಿಯಾದ ಜೋಡಿ. ಡ್ರೈವರನ ಕಾಲಿಗೆ?

ಬಲಗಾಲೊಂದನ್ನೇ ಬಳಸುವವನು ಅಂಥ ಕಾರಿನಲ್ಲಿ ಬ್ರೇಕ್ ಹಿಡಿದುಕೊಂಡೇ ಎಂಜಿನ್ ಏರಿಸಲಾರ. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್ ತುಳಿಯಬೇಕು. ಮೊದಲು ಗಾಡಿ ಕದಲುವುದಿಲ್ಲ, ಇನ್ನಷ್ಟು ತುಳಿಯುತ್ತಾನೆ, ಎಣ್ಣೆ ಹಿಡಿದುಕೊಂಡಿತೋ ಗಾಡಿ ಬಾಣ. ಎದುರಿಗೆ ಗದ್ದೆಯ ಏರಿ, ಏರಿಯಾಚೆ ಕೆರೆ. ನಿತೇಶರ ಕಾಲು ಗೊತ್ತಿದ್ದ ಯಾರಾದರೂ ಸ್ಟಾಲನ್ನು ಎರಡು ಸಾವಿರದ ಆಸುಪಾಸಿಗೆ ಇಳಿಸಿ, ಕೈಯಲ್ಲಿ ಎಳೆಯುವ ಬ್ರೇಕ್ ಒಂದನ್ನು ಸೇರಿಸುತ್ತಿದ್ದರು.

ಆದ್ದರಿಂದ ಪ್ರಶ್ನೆ ಒಂದೇ. ಆರಿಸಿದವರು ಯಾರು? ಕಾಳಿಯಾದರೆ ನಿರ್ಲಕ್ಷ್ಯದಿಂದ ಸಾವು, ಅವನಿಗೆ ಜೈಲು ಗಟ್ಟಿ. ಬೇರೆಯವರು ಆರಿಸಿ, ಅವರು ಹೇಳಿದ್ದನ್ನು ಅವನು ಜೋಡಿಸಿದ್ದಷ್ಟೇ ಆದರೆ ನಾಳೆಯೇ ಮನೆಗೆ.

ನನ್ನ ಮುಂದಿದ್ದ ಕಾಗದ ಆ ಅಂಗಡಿಯ ವಿವರಪಟ್ಟಿ. ಆರ್ಡರ್ ಮಾಡುವ ಮೊದಲು ಗಿರಾಕಿ ತುಂಬಿ ಕಳಿಸಬೇಕು. ಹನ್ನೊಂದು ಪ್ರಶ್ನೆಗಳು: ಎಂಜಿನ್ ಎಷ್ಟರದ್ದು, ಕ್ಯಾಮ್ ಯಾವುದು, ಟೈರಿನ ಎತ್ತರ, ಹಿಂದಿನ ಆಕ್ಸಲಿನ ಹಲ್ಲುಗಳ ಲೆಕ್ಕ, ಆಯಿಲ್ ಕೂಲರ್ ಇದೆಯೇ, ಗೆರೆಯ ಮೇಲಿಂದ ಹೊರಡಿಸುವುದು ಹೇಗೆ. ಹೆಸರಿನ ಜಾಗದಲ್ಲಿ ನಿತೇಶ್. ಕಳಿಸಿದ್ದು ಕಾಳಿಯ ವರ್ಕ್‌ಶಾಪಿನ ಈಮೇಲಿನಿಂದ.

“ಆ ಈಮೇಲಿನ ಪಾಸ್‌ವರ್ಡ್ ಕಾಳಿಗೆ ಮಾತ್ರ ಗೊತ್ತಿತ್ತಾ?”

“ಅವನಿಗೆ ಗೊತ್ತಿತ್ತು, ನಿತೇಶನಿಗೆ ಗೊತ್ತಿತ್ತು.” ಶಿವಪ್ರಕಾಶ್ ನಕ್ಕರು. “ನಂಗೂ ಗೊತ್ತಿತ್ತು ಅಂತ ನೀವು ಬರ್ಕೋತೀರಿ, ಅಲ್ವಾ? ಬರ್ಕೊಳ್ಳಿ. ವರ್ಕ್‌ಶಾಪಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾನೆ. ಹಾಲಿನವನಿಗೂ ಗೊತ್ತು.”

ಬರೆದುಕೊಂಡೆ. ಆಮೇಲೆ ಏಳನೇ ಪ್ರಶ್ನೆಯ ಮೇಲೆ ಬೆರಳಿಟ್ಟೆ.

“ಡ್ರೈವರ್ ಸಮೇತ ಗಾಡಿಯ ಒಟ್ಟು ತೂಕ, ಸಾವಿರದ ನಾನೂರ ತೊಂಬತ್ತು ಕಿಲೋ. ಅಂದಾಜಲ್ಲ ಇದು, ತೂಗಿಸಿ ಬರೆದದ್ದು. ಕಾರನ್ನು ಎಲ್ಲಿ ತೂಗಿಸಿದ್ದರು?”

ಮೊದಲ ಸಲ ಅವರ ಉತ್ತರ ತಡವಾಯಿತು.

“ಇಲ್ಲೇ ಇರಬೇಕು. ನಮ್ಮ ವೇಬ್ರಿಡ್ಜಲ್ಲಿ. ನಾನು ಆ ಹೊತ್ತಿಗೆ ಊರಲ್ಲಿರಲಿಲ್ಲ.”

“ಯಾವ ಹೊತ್ತಿಗೆ? ತಾರೀಕು ನಾನಿನ್ನೂ ಹೇಳಿಲ್ಲವಲ್ಲ.”

“ಕಾರು ತೂಗಿಸೋವಾಗ ನಾನು ನೋಡಿಲ್ಲ ಅಂದೆ ಮೇಡಂ. ಮಾತಿಗೆ ಮಾತು ಹಿಡೀಬೇಡಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ಅವರ ಕೈ ಹೆಗಲಿನ ಹತ್ತಿರ ಹೋಗಿತ್ತೋ ಇಲ್ಲವೋ, ನನ್ನ ಅನುಮಾನ ಮಾತ್ರ ಅಲ್ಲಿ ತಳವೂರಿತು. ಎದ್ದು ವೇಬ್ರಿಡ್ಜಿನ ಕಡೆ ನಡೆದೆ. ಅವರೂ ಚಪ್ಪಲಿ ಹುಡುಕಿಕೊಂಡು ಹಿಂದೆಯೇ ಬಂದರು. ಚಿನ್ನ ಬೆಂಚಿನಿಂದ ಏಳಲಿಲ್ಲ.

ವೇಬ್ರಿಡ್ಜಿನ ಗೂಡಿನಲ್ಲಿ ಸಣ್ಣಸ್ವಾಮಿ ಇದ್ದರು. ಎಪ್ಪತ್ತರ ಹತ್ತಿರದ ಮನುಷ್ಯ. ಅರಕಲಗೂಡಿನ ಕಡೆಯಿಂದ ಬಂದು ಈ ಕಣದಲ್ಲಿ ಮೂವತ್ತೊಂದು ವರ್ಷದಿಂದ ತೂಗುತ್ತಿದ್ದಾರೆ. ಅವರ ಕಟ್ಟುನಿಟ್ಟಿನ ಕಥೆ ನಮ್ಮ ಕಡೆಯ ಎಲ್ಲ ಪಿಕಪ್ ಡ್ರೈವರುಗಳಿಗೂ ಗೊತ್ತು, ಅರ್ಧ ಜನ ಅವರನ್ನು ಬೈದುಕೊಂಡೇ ಇಲ್ಲಿಗೆ ಬರುತ್ತಾರೆ.

ಎಸ್ಟೇಟಿನಿಂದ ಕಾಫಿ ತರುವ ಗಾಡಿಗಳಲ್ಲಿ ಒಂದು ಹಳೆಯ ಕಳ್ಳಾಟವಿದೆ. ಲೋಡು ತೂಗುವಾಗ ಡ್ರೈವರ್ ಸೀಟಿನಲ್ಲಿರುತ್ತಾನೆ, ಖಾಲಿ ಗಾಡಿ ತೂಗುವಾಗ ಟೀ ಕುಡಿಯಲು ಇಳಿದಿರುತ್ತಾನೆ. ಅವನ ಮೈತೂಕವೂ ಕಾಫಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಒಮ್ಮೆ ಮೋಸಹೋದ ಮೇಲೆ ಸಣ್ಣಸ್ವಾಮಿ ಒಂದು ಪದ್ಧತಿ ಮಾಡಿಕೊಂಡರು. ಯಾವ ಗಾಡಿಯೇ ಬರಲಿ, ಎರಡು ಸಲ ತೂಕ: ಡ್ರೈವರ್ ಕೂತು ಒಂದು, ಇಳಿದು ಒಂದು. ಎರಡನ್ನೂ ಬರೆಯುತ್ತಾರೆ.

“ನಿತೇಶ್ ಅವರ ಕಾರು ಇಲ್ಲಿಗೆ ಬಂದಿತ್ತಾ?”

“ಬಂದಿತ್ತು ಕಣಮ್ಮ. ನವೆಂಬರಲ್ಲಿ. ಗುಡುಗುಡು ಅಂತ ಇಡೀ ಕಣ ನಡುಗಿಸ್ಕೊಂಡು ಬಂತು. ಕಾಫಿ ಹರವೋ ಹೆಂಗಸ್ರು ಕಿವಿ ಮುಚ್ಕೊಂಡ್ರು.”

“ತೂಕದ ಚೀಟಿಯ ಕಾಪಿ ಇದೆಯಾ?”

“ಎಲ್ಲ ಐತೆ.” ಸಣ್ಣಸ್ವಾಮಿ ಬೀರುವಿನಿಂದ ದಾರ ಕಟ್ಟಿದ ಪುಸ್ತಕವೊಂದನ್ನು ತೆಗೆದು, ನಾಲಿಗೆಗೆ ಬೆರಳು ಮುಟ್ಟಿಸಿ ಮುಟ್ಟಿಸಿ ಹಾಳೆ ತಿರುಗಿಸಿದರು. ನನ್ನ ಬೆನ್ನಿಗೆ ಉಸಿರು ತಾಗುವಷ್ಟು ಹತ್ತಿರ ಶಿವಪ್ರಕಾಶ್ ನಿಂತಿದ್ದರು. ಸ್ವಲ್ಪ ಹಿಂದೆ ನಿಲ್ಲಿ ಎಂದೆ. ನಿಂತರು.

ಕಾರ್ಬನ್ನಿನ ನೀಲಿ ಅಕ್ಷರ ಮಸುಕಾಗಿತ್ತು, ಆದರೆ ಓದಬಹುದಿತ್ತು. ನವೆಂಬರ್ ಹದಿನೆಂಟು. ಡ್ರೈವರ್ ಸಮೇತ ಸಾವಿರದ ನಾನೂರ ತೊಂಬತ್ತು. ವಿವರಪಟ್ಟಿಯಲ್ಲಿದ್ದ ಅದೇ ಅಂಕಿ. ಅದರ ಕೆಳಗೆ, ಕೊಯಮತ್ತೂರಿನವರು ಕೇಳದೇ ಇದ್ದದ್ದರಿಂದ ಯಾರೂ ಕಳಿಸದ ಎರಡನೇ ಅಂಕಿ: ಡ್ರೈವರ್ ಇಳಿದ ಮೇಲೆ ಸಾವಿರದ ನಾನೂರ ಮೂವತ್ತೈದು.

ಕಳೆದು ನೋಡಿದೆ. ಐವತ್ತೈದು.

ಪೋಸ್ಟ್‌ಮಾರ್ಟಂ ವರದಿಯಲ್ಲಿ ನಿತೇಶರ ತೂಕ ತೊಂಬತ್ತನಾಲ್ಕು ಕಿಲೋ ಎಂದಿತ್ತು.

“ಈ ಮೆಷಿನ್ ಎಷ್ಟು ಆಚೀಚೆ ತೋರಿಸುತ್ತೆ?”

“ಐದು ಕಿಲೋ. ಅದಕ್ಕಿಂತ ಒಂದು ಗ್ರಾಂ ಜಾಸ್ತಿ ಇಲ್ಲ. ಸೀಲು ನೋಡಿ ಬೇಕಾರೆ.” ಅವರಿಗೆ ಕೋಪ ಬಂದಿತ್ತು.

ಒಂದೂವರೆ ಟನ್ನಿನ ಗಾಡಿಯಲ್ಲಿ ನಲವತ್ತು ಕಿಲೋ ಹೆಚ್ಚುಕಡಿಮೆಯಾದರೆ ಕನ್ವರ್ಟರಿನ ಆಯ್ಕೆ ಬದಲಾಗುವುದಿಲ್ಲ. ಆದರೆ ಡ್ರೈವರ್ ಬದಲಾಗಿದ್ದಾನೆ ಎಂದು ಗೊತ್ತಾಗುತ್ತದೆ. ಈ ಕಾರನ್ನು ಸಿದ್ಧ ಮಾಡಿದ್ದು ನಿತೇಶರಿಗಾಗಿ ಅಲ್ಲವೇ ಅಲ್ಲ. ಐವತ್ತೈದರ ಆಸುಪಾಸು ತೂಗುವ, ಎರಡೂ ಕಾಲು ಗಟ್ಟಿಯಿರುವ ಬೇರೆ ಯಾರಿಗೋ.

“ಅವತ್ತು ಕಾರು ಓಡಿಸ್ಕೊಂಡು ಬಂದವರು ಯಾರು, ಸಣ್ಣಸ್ವಾಮಣ್ಣ?”

“ಅದನ್ನ ಕೇಳ್ಬೇಡಿ. ನಿತೇಶಪ್ಪ ಬರ್ಲಿಲ್ಲ, ಕಾಳಿನೂ ಬರ್ಲಿಲ್ಲ. ಬಂದೋರು ತಲೆಗೆ ಹೆಲ್ಮೆಟ್ಟು, ಮೈತುಂಬ ರೇಸಿನ ಬಟ್ಟೆ. ಸಣ್ಣಕಿದ್ರು. ಇಳೀರಿ ಅಂದೆ, ಇಳಿದ್ರು. ಅಲ್ಲಿ ಗೋಡೆ ಪಕ್ಕ ನಿಂತ್ರು. ಚೀಟಿ ಕೊಟ್ಟೆ, ತಗೊಂಡ್ರು. ಒಂದು ಮಾತಾಡ್ಲಿಲ್ಲ. ಹೆಲ್ಮೆಟ್ ತೆಗೀರಪ್ಪ, ಸೆಕೆ ಆಯ್ತದೆ ಅಂದ್ರೂ ತೆಗೀಲಿಲ್ಲ.”

ನಾನು ತಿರುಗಿದೆ. ಶಿವಪ್ರಕಾಶರ ಹಣೆಯಲ್ಲಿ ವಿಭೂತಿ ಬೆವರಿಗೆ ಕರಗುತ್ತಿತ್ತು.

“ನಿಮ್ಮ ಕಣ. ನಿಮ್ಮ ವೇಬ್ರಿಡ್ಜ್. ಅರ್ಧ ನಿಮ್ಮ ಕಾರು. ಗದ್ದೆಯಲ್ಲಿ ಇದ್ದವರೂ ನೀವೇ. ಯಾರನ್ನು ಕೂರಿಸೋಕೆ ಹೊರಟಿದ್ರಿ ಶಿವಪ್ರಕಾಶ್ ಅವರೇ, ನಿತೇಶರ ಜಾಗದಲ್ಲಿ?”

“ನಾನಾ?”

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ದಾಪುಗಾಲು ಹಾಕಿ ಜಗಲಿಗೆ ಹೋಗಿ, ಚಪ್ಪಲಿ ಬಿಟ್ಟು, ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿ ನಿಂತರು. ಕೆಂಪು ಅಂಕಿಗಳು ಕುಣಿದು ಎಂಬತ್ತಮೂರರಲ್ಲಿ ನಿಂತವು.

“ನೋಡ್ಕೊಳ್ಳಿ. ಬರ್ಕೊಳ್ಳಿ. ಮುದ್ದೆ ಊಟದ ಮೈ ಇದು, ನಾನಂತೂ ಅಲ್ಲ.” ಇಳಿದು, ದನಿ ತಗ್ಗಿಸಿದರು. “ತೆಳ್ಳಗಿರೋರು, ಗಾಡಿ ಬಲ್ಲೋರು, ಆ ಕಾರಿನ ಕೀ ಕೈಲಿದ್ದೋರು. ಹೇಳ್ಬಾರ್ದು ಅಂದ್ಕೊಂಡಿದ್ದೆ ಮೇಡಂ, ಈ ಹೆಣ್ಣುಮಗಳ ಎದುರಿಗೆ. ನೀವೇ ಹೇಳ್ಸಿದ್ರಿ. ಕಾಳಿ ಹೇಗಿದ್ದಾನೆ ಅಂತ ನೋಡಿದ್ದೀರಲ್ಲ? ಕಡ್ಡಿ. ತಾನೇ ಓಡಿಸೋ ಆಸೆ ಅವನಿಗೆ. ತನ್ನ ಕಾಲಿಗೆ ತಕ್ಕ ಪೀಸು ತರಿಸ್ಕೊಂಡು, ಗಾಡಿ ಮಾಲೀಕನಿಗೆ ಹೇಳದೇ ಜೋಡಿಸಿಟ್ಟ. ಪಾಪ ನಿತೇಶ್ ಹಳೇ ಗಾಡಿ ಅಂದ್ಕೊಂಡು ಹತ್ತಿದ.”

ಅವರು ಹೇಳಿದ್ದು ಲೆಕ್ಕಕ್ಕೆ ಕೂಡುತ್ತಿತ್ತು. ಬಿಡಿಸಲೆಂದು ನಾನು ಹುಡುಕಿ ತೆಗೆದ ಅಂಕಿಯೇ ಅವನನ್ನು ಕಟ್ಟಿಹಾಕುವಂತಿತ್ತು. ಕಾಳಿಯನ್ನು ನಾನು ಜೈಲಿನಲ್ಲಿ ಒಂದೇ ಸಲ ಕಂಡಿದ್ದೆ. ಸೀಕಲು ಆಳು ಎಂದು ನೆನಪು. ಕೇಳಿದ್ದಕ್ಕೆಲ್ಲ ಅವನದು ಒಂದೇ ಉತ್ತರ: ನಂಗೇನೂ ಗೊತ್ತಿಲ್ಲ ಮೇಡಂ. ತಪ್ಪು ಮಾಡದವನು ಹೀಗೆ ಬಾಯಿ ಕಟ್ಟಿಕೊಂಡು ಕೂರುತ್ತಾನೆಯೇ ಎಂದು ಅವತ್ತೂ ನನಗೆ ಸಿಟ್ಟು ಬಂದಿತ್ತು.

ಚಿನ್ನಳ ಕಡೆ ನೋಡಲು ಮನಸ್ಸಾಗಲಿಲ್ಲ. ವಕೀಲರಿಗೆ ಫೋನ್ ಮಾಡಿದೆ.

“ಸರ್, ಕಾಳಿಯನ್ನು ಜೈಲಿಗೆ ಸೇರಿಸ್ಕೊಳ್ಳುವಾಗ ಡಾಕ್ಟರ್ ತಪಾಸಣೆ ಆಗಿದೆಯಲ್ಲ, ಅದರ ಕಾಪಿ ನಿಮ್ಮ ಹತ್ತಿರ ಇದೆಯಾ? ತೂಕ ಎಷ್ಟು ಅಂತ ನೋಡಿ.”

“ತೂಕ ಯಾಕ್ರೀ ಈಗ?”

“ನೋಡಿ ಸರ್.”

ಕಾಗದ ಸರಿಯುವ ಸದ್ದು ಕೇಳಿತು. ಸಾಕೆನಿಸುವಷ್ಟು ಹೊತ್ತು ಸರಿಯಿತು. ಶಿವಪ್ರಕಾಶ್ ಜಗಲಿಯ ಕಂಬಕ್ಕೆ ಒರಗಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಎಪ್ಪತ್ತೊಂದು,” ಎಂದರು ವಕೀಲರು. “ಎತ್ತರ ಐದಡಿ ಹನ್ನೊಂದು ಅಂಗುಲ. ಯಾಕೆ?”

ಉದ್ದನೆಯ ಮನುಷ್ಯ ಕಡ್ಡಿಯಂತೆ ಕಂಡರೂ ಮೂಳೆಗೆ ತೂಕವಿರುತ್ತದೆ. ಅವತ್ತು ಕಾರಿನಲ್ಲಿದ್ದವನು ಕಾಳಿಯಾಗಿದ್ದರೆ, ಐದೈದು ಕಿಲೋ ಲೆಕ್ಕದ ಸಣ್ಣಸ್ವಾಮಿಯ ಪುಸ್ತಕದಲ್ಲಿ ಎಪ್ಪತ್ತು ಬೀಳಬೇಕಿತ್ತು, ಐವತ್ತೈದಲ್ಲ. ಮೂರು ತಿಂಗಳಲ್ಲಿ, ಅದೂ ಜೈಲಿನ ಬಾಗಿಲಿಗೆ ಬರುವ ಹೊತ್ತಿಗೆ, ಯಾರ ಮೈಯೂ ಹದಿನಾರು ಕಿಲೋ ಏರುವುದಿಲ್ಲ. ನನಗೆ ನಗುವೇ ಬಂತು.

“ಕಾಳಿ ಅಲ್ಲ,” ಎಂದೆ ಶಿವಪ್ರಕಾಶರಿಗೆ. “ಕಾಳಿಯ ತೂಕ ಎಪ್ಪತ್ತೊಂದು. ಈಗ ಇನ್ನೊಂದು ಹೆಸರು ಯೋಚನೆ ಮಾಡಿ ಹೇಳಿ. ಅಥವಾ ನಾನೇ ಹುಡುಕ್ತೀನಿ. ಸುಂಟಿಕೊಪ್ಪದಿಂದ ವಿರಾಜಪೇಟೆವರೆಗೆ ರೇಸಿಗೆ ಹೋಗೋ ಒಬ್ಬೊಬ್ಬರನ್ನೂ ತಂದು ಈ ತಕ್ಕಡಿ ಮೇಲೆ ನಿಲ್ಲಿಸ್ತೀನಿ.”

“ಬೇಡ ಮೇಡಂ.”

ಮಾತು ಶಿವಪ್ರಕಾಶರದ್ದಲ್ಲ. ಚಿನ್ನ ಬೆಂಚಿನಿಂದ ಎದ್ದಿದ್ದಳು.

ಅವಳು ಚಪ್ಪಲಿ ಬಿಟ್ಟಳು. ಕೈಯಲ್ಲಿದ್ದ ಚೀಲವನ್ನು ಬೆಂಚಿನ ಮೇಲಿಟ್ಟಳು. ಸೀರೆಯ ನೆರಿಗೆ ಸ್ವಲ್ಪ ಎತ್ತಿಕೊಂಡು ತಕ್ಕಡಿಯ ಮೇಲೆ ಹತ್ತಿ, ನೇರವಾಗಿ ನಿಂತಳು. ಕೆಂಪು ಅಂಕಿಗಳು ಐವತ್ನಾಲ್ಕಕ್ಕೆ ಏರಿ, ಐವತ್ತೇಳಕ್ಕೆ ಹಾರಿ, ಐವತ್ತಾರರಲ್ಲಿ ನಿಂತವು.

ಕಣದಲ್ಲಿ ಕಾಫಿ ತಿರುವುತ್ತಿದ್ದ ಹೆಂಗಸರು ಇದ್ಯಾವುದೂ ಗೊತ್ತಿಲ್ಲದೆ ಯಾವುದೋ ಮದುವೆಯ ಮಾತಾಡಿಕೊಂಡು ನಗುತ್ತಿದ್ದರು.

“ನೀನಾ?” ಎಂದೆ.

“ಟ್ರ್ಯಾಕ್ಟರಲ್ಲಿ ಕಲ್ತದ್ದು ಮೇಡಂ, ನಮ್ಮಪ್ಪ ಎಸ್ಟೇಟಲ್ಲಿ ಡ್ರೈವರ್. ಗಾಡಿ ರಿಪೇರಿ ಆದ್ಮೇಲೆ ನಮ್ಮವ್ರು ಟ್ರಯಲ್ ನೋಡೋಕೆ ನನ್ನನ್ನೇ ಕಳಿಸ್ತಿದ್ರು. ಒಂದಿನ ನಿತೇಶಣ್ಣ ನೋಡಿದ್ರು. ಎರಡೂ ಕಾಲಲ್ಲಿ ಓಡಿಸ್ತೀಯಲ್ಲ, ಇದು ಎಲ್ಲಿ ಕಲ್ತೆ ಅಂದ್ರು. ಫೆಬ್ರವರಿ ರೇಸಿಗೆ ನೀನೇ ಓಡ್ಸು, ಗೆದ್ದ ಮೇಲೆ ಹೆಲ್ಮೆಟ್ ತೆಗಿ, ಎಲ್ರ ಮುಖ ನೋಡ್ಬೇಕು ನಾನು ಅಂತಿದ್ರು.” ಅವಳು ಅಲ್ಲಿಯವರೆಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. “ಆ ಲಿಸ್ಟ್ ತುಂಬಿ ಕಳ್ಸಿದ್ದು ನಮ್ಮವ್ರಲ್ಲ. ನಿತೇಶಣ್ಣನೇ.”

“ಸುಳ್ಳು,” ಎಂದರು ಶಿವಪ್ರಕಾಶ್.

ಚಿನ್ನ ತಕ್ಕಡಿಯಿಂದ ಇಳಿದು, ಚೀಲದೊಳಗೆ ಕೈಹಾಕಿ ಫೋನ್ ತೆಗೆದಳು. ಗಾಜು ಮೂಲೆಯಿಂದ ಮೂಲೆಗೆ ಒಡೆದಿತ್ತು. ಹೆಬ್ಬೆರಳಿನಲ್ಲಿ ಮೇಲೆ ಮೇಲೆ ಸರಿಸಿ, ಒಂದು ಕಡೆ ನಿಲ್ಲಿಸಿ, ಒತ್ತಿದಳು. ಸತ್ತವರ ದನಿ ಜಗಲಿಯ ಮೇಲೆ ಕೇಳಿಸಿತು. ದಪ್ಪ, ಖುಷಿಯ ದನಿ.

“ಚಿನ್ನ, ಕೊಯಮತ್ತೂರಿಗೆ ಲಿಸ್ಟ್ ಕಳ್ಸಿದೆ. ನಿನ್ನ ತೂಕ, ನಿನ್ನ ಎಡಗಾಲು, ಎಲ್ಲ ಹಾಕಿದೀನಿ. ಮೂರು ಸಾವಿರದ ಇನ್ನೂರಕ್ಕೆ ಕೇಳಿದೀನಿ ಸ್ಟಾಲು. ಪೀಸ್ ಬಂದ್ಮೇಲೆ ಗದ್ದೆಯಲ್ಲಿ ಮೊದ್ಲು ನೀನೇ ಓಡಿಸ್ಬೇಕು. ಅದು ನನ್ನ ಕಾಲಿಗೆ ಆಗೋದಲ್ಲ ಮಾರಾಯ್ತಿ, ಆ ಸೀಟಲ್ಲಿ ನಾನು ಕೂರೋದೇ ಇಲ್ಲ. ಕಾಳಿಗೆ ಹೇಳು, ಆಯಿಲ್ ಕೂಲರ್ ದೊಡ್ಡದೇ ಹಾಕ್ಲಿ, ಎಣ್ಣೆ ಕಾದ್ರೆ ಎಲ್ಲ ಹಾಳು.”

ಫೋನ್ ಸುಮ್ಮನಾಯಿತು. ನವೆಂಬರ್ ಹತ್ತೊಂಬತ್ತು ಎಂದು ತೆರೆಯ ಮೇಲೆ ತೋರಿಸುತ್ತಿತ್ತು. ಕಾರು ತೂಗಿಸಿದ ಮರುದಿನ.

ನನ್ನ ವರದಿ ನನ್ನ ತಲೆಯಲ್ಲೇ ಹರಿದುಹೋಯಿತು. ಯಾರೋ ತಪ್ಪು ಪೀಸು ಆರಿಸಿದರು, ಏನೂ ತಿಳಿಯದ ನಿತೇಶ್ ತುಳಿದು ಸತ್ತರು ಎಂದೇ ಎಲ್ಲರೂ ನಂಬಿದ್ದೆವು, ಇನ್ಸ್‌ಪೆಕ್ಟರನ್ನು ಹಂಗಿಸಿದ ನಾನೂ ಸೇರಿ. ಆದರೆ ಆರಿಸಿದವರು ಅವರೇ. ಆ ಗಾಡಿಯ ಗುಣ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ತನ್ನ ಕಾಲಿಗೆ ಆಗದ ಗಾಡಿಯ ಸೀಟಿಗೆ ಹೋಗುವುದೇ ಇಲ್ಲ ಎಂದಿದ್ದ ಮನುಷ್ಯನ ಹೆಣ ಅದೇ ಸೀಟಿನಲ್ಲಿ ಸಿಕ್ಕಿತ್ತು, ಬೆಲ್ಟು ಬಿಗಿದು.

“‘ಹತ್ತಿ ಕೂತ, ತುಳಿದ, ಎಗರಿತು’ ಅಂತ ಸ್ಟೇಷನ್ನಲ್ಲಿ ಬರೆಸಿದವರು ನೀವು,” ಎಂದೆ ಶಿವಪ್ರಕಾಶರಿಗೆ. “ನಿಮ್ಮ ಕಣ್ಣೆದುರೇ ಕೂತ ಅಂದ್ರಿ. ಇದನ್ನು ಕೇಳಿದ ಮೇಲೂ ಹಾಗೇ ಹೇಳ್ತೀರಾ?”

ಶಿವಪ್ರಕಾಶ್ ನನ್ನನ್ನು ನೋಡಲೇ ಇಲ್ಲ. ಚಿನ್ನಳ ಹತ್ತಿರ ಹೋದರು. ಇಷ್ಟು ಹೊತ್ತು ಇದ್ದ ವ್ಯಾಪಾರಿಯ ನಯ ಅವರ ಮುಖದಲ್ಲಿ ಇರಲಿಲ್ಲ.

“ಮೊದ್ಲು ಓಡಿಸ್ಬೇಕಾದವಳು ನೀನು ಅಂತಾಯ್ತು. ನೀನೇ ಕೇಳಿಸ್ದೆ, ನಾವೆಲ್ಲ ಕೇಳಿದ್ವಿ.” ಒಂದೊಂದೇ ಮಾತು ಎಣಿಸಿ ಇಟ್ಟಂತೆ ಹೇಳಿದರು. “ಹಾಗಾದ್ರೆ ಆ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ನೀನೆಲ್ಲಿದ್ದೆ? ಮೇಡಂಗೂ ಹೇಳು.”

ನನಗೆ ಅವಳು ಅದನ್ನು ಆಗಲೇ ಹೇಳಿದ್ದಳು. ನನ್ನ ಪುಸ್ತಕದ ಮೊದಲನೇ ಹಾಳೆಯಲ್ಲೇ ಇತ್ತು: ಭಾನುವಾರ ಸಿದ್ದಾಪುರದ ಮನೆಯಲ್ಲಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಸುದ್ದಿ ಬಂದದ್ದು ಫೋನಿನಲ್ಲಿ. ಅದನ್ನೇ ಮತ್ತೊಮ್ಮೆ ಹೇಳಲಿ ಎಂದು ಕಾದೆ. ಹೇಳು ಎಂದು ಮನಸ್ಸಿನಲ್ಲೇ ಕೇಳಿಕೊಂಡೆ.

ಅವಳು ಶಿವಪ್ರಕಾಶರನ್ನು ಬಿಟ್ಟು ನನ್ನ ಕಡೆಗೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ.

“ಇವ್ರು ಕೇಳಿದ್ದಕ್ಕೆ ಉತ್ರ ಕೊಟ್ರೆ ನಾಳೆ ನಮ್ಮವ್ರು ಹೊರಗೆ ಬರ್ತಾರೆ ಮೇಡಂ, ಅವ್ರ ಜಾಗಕ್ಕೆ ನಾನು ಹೋಗ್ತೀನಿ. ಆ ಉತ್ರ ನಾನು ಕೊಡಬಾರ್ದು ಅಂತಾನೇ ಅವ್ರು ಒಳಗೆ ಬಾಯಿ ಮುಚ್ಕೊಂಡು ಕೂತಿರೋದು.” ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. “ನೀವೇ ಹೇಳಿ. ಕೊಡ್ಲಾ?”